ಉಗುರಿಗೆ ಊಟ: ಯುಗಾದಿಯಿಂದ ದಸರಾವರೆಗೆ ಆರು ತಿಂಗಳ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದೆ. ಅತ್ತಿಗೆ ಹೋಳಿಗೆಗೆ ಕಣಕ ನಾದಿ, ಕೈ ತೊಳೆದುಕೊಂಡು ಬಂದು, ಒದ್ದೆ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು. "ಇಲ್ನೋಡು, ನೀರು ಇಳಿಯೋದೇ ಇಲ್ಲ." ನಿಜ. ಉಗುರಿನ ನಡುವೆ ಒಂದು ಹನಿ ಕೂತಿತ್ತು, ಪುಟ್ಟ ಚಮಚದಲ್ಲಿ ಕೂತ ಹಾಗೆ. ಬೆರಳು ಸ್ವಲ್ಪ ವಾಲಿಸಿದರೂ ಜಾರಲಿಲ್ಲ. ಉಗುರಿನ ಅಂಚು ಮೇಲಕ್ಕೆ ಎದ್ದು ಮಧ್ಯೆ ಗುಳಿ ಬಿದ್ದಿತ್ತು. ಅಷ್ಟು ಹೊತ್ತಿಗಾಗಲೇ ಅವರು ಮೂರು ತಿಂಗಳಿಂದ ಬಯೋಟಿನ್ (ಕೂದಲು, ಉಗುರಿಗೆ ಅಂತ ಮಾರುವ ಒಂದು ಬಿ ವಿಟಮಿನ್) ಗಮ್ಮಿ ತಿನ್ನುತ್ತಿದ್ದರು. ದಿನಕ್ಕೆ ಎರಡು, ತಪ್ಪದೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಬಂತು. ಅವರಿಗೆ ಬೇಕಿದ್ದದ್ದು ಕಬ್ಬಿಣಾಂಶ. ಬಯೋಟಿನ್ ತಿಂದು ಕಬ್ಬಿಣಾಂಶ ಬರುವುದಿಲ್ಲವಲ್ಲ.

ಆ ಮೂರು ತಿಂಗಳು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉಗುರು ಸೀಳುತ್ತಿದೆ, ಪದರ ಬಿಡುತ್ತಿದೆ ಅಂದ ತಕ್ಷಣ ಮಾತ್ರೆ ಡಬ್ಬಿ ಕೊಳ್ಳಬೇಡಿ. ಮೊದಲು ಉಗುರು ನೋಡಿ, ಆಮೇಲೆ ರಕ್ತ ನೋಡಿಸಿ, ಆಮೇಲೆ ತಟ್ಟೆ ಸರಿಮಾಡಿ, ಮಾತ್ರೆ ಬೇಕೋ ಬೇಡವೋ ಅನ್ನುವುದು ಅದಾದ ಮೇಲೆ. ನಾನು ಡಾಕ್ಟರ್ ಅಲ್ಲ. ಓದಿ, ಕೇಳಿ, ಮನೆಯವರ ಜೊತೆ ಮಾಡಿ ನೋಡಿ ಕಲಿತದ್ದನ್ನು ಹೇಳುತ್ತೇನೆ.

ಶುರು ಮಾಡುವ ಮುಂಚೆ

ನಮ್ಮ ಕಣ್ಣಿಗೆ ಕಾಣುವ ಉಗುರಿಗೆ ಜೀವ ಇಲ್ಲ. ಅದು ತಯಾರಾಗುವುದು ಬುಡದಲ್ಲಿ, ಚರ್ಮದ ಒಳಗೆ. ಕೆರಾಟಿನ್ ಅನ್ನುವ ಪ್ರೋಟೀನಿನಿಂದ. ಅಲ್ಲಿಂದ ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮುಂದೆ ಬರುತ್ತದೆ. ಬುಡದಿಂದ ತುದಿ ಮುಟ್ಟಲು ಹತ್ತಿರ ಹತ್ತಿರ ಆರು ತಿಂಗಳು ಬೇಕು. ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು. ಅಂದರೆ ನೀವು ಇವತ್ತು ತುದಿಯಲ್ಲಿ ಕತ್ತರಿಸಿ ಬಿಸಾಡುವ ಉಗುರು ಐದಾರು ತಿಂಗಳ ಹಿಂದಿನ ಊಟದಿಂದ ಆದದ್ದು. "ಹದಿನೈದೇ ದಿನದಲ್ಲಿ ಗಟ್ಟಿ ಉಗುರು" ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅಷ್ಟು ದಿನದಲ್ಲಿ ಬೆಳೆಯುವುದೇ ಒಂದೂವರೆ ಮಿಲಿಮೀಟರ್.

ಇನ್ನೊಂದು ವಿಷಯ, ಕ್ಯಾಲ್ಸಿಯಂ. ಉಗುರಲ್ಲಿ ಬಿಳಿ ಚುಕ್ಕೆ ಕಂಡರೆ ಕ್ಯಾಲ್ಸಿಯಂ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಉಗುರಿನಲ್ಲಿ ಕ್ಯಾಲ್ಸಿಯಂ ಇರುವುದೇ ತೀರಾ ಅಲ್ಪ, ಅದು ಗಟ್ಟಿ ಇರುವುದು ಕೆರಾಟಿನ್‌ನಿಂದ. ಬಿಳಿ ಚುಕ್ಕೆ ಸಾಮಾನ್ಯವಾಗಿ ಬುಡಕ್ಕೆ ಸಣ್ಣ ಪೆಟ್ಟು ಬಿದ್ದಿದ್ದರ ಗುರುತು. ಬಾಗಿಲಿಗೆ ತಾಗಿದ್ದು, ಮೇಜಿನ ಮೇಲೆ ಬೆರಳು ಬಡಿದದ್ದು, ಉಗುರು ಕಚ್ಚಿದ್ದು. ನಮಗೆ ಮರೆತೇ ಹೋಗಿರುತ್ತದೆ. ನಾವು ಚಿಕ್ಕವರಿದ್ದಾಗ ಬೆಳ್ಳಕ್ಕಿ ಸಾಲು ಹಾರಿ ಹೋದರೆ ಉಗುರು ಉಜ್ಜಿಕೊಂಡು ಬಿಳಿ ಚುಕ್ಕೆ ಕೊಡು ಅಂತ ಕೇಳುತ್ತಿದ್ದೆವು. ಚುಕ್ಕೆ ಬಂದರೆ ಹೊಸ ಬಟ್ಟೆ ಸಿಗುತ್ತದೆ ಅಂತ ಖುಷಿ. ಆ ಚುಕ್ಕೆಗೆ ಈಗ ಹೆದರಿ ಮಾತ್ರೆ ನುಂಗಬೇಕಿಲ್ಲ. ಉಗುರು ಬೆಳೆದ ಹಾಗೆ ಅದೂ ಮುಂದೆ ಸಾಗಿ ಹೋಗುತ್ತದೆ.

ಹೆಜ್ಜೆ 1: ಬೆಳಕಿನಲ್ಲಿ ಕೂತು ಹತ್ತೂ ಉಗುರು ನೋಡಿ

ಉಗುರು ಬಣ್ಣ ತೆಗೆಯಿರಿ. ಗೋರಂಟಿ ಹಚ್ಚಿದ್ದರೆ ಅದು ಬೆಳೆದು ಹೋಗುವವರೆಗೆ ಬಣ್ಣ ಸರಿಯಾಗಿ ಕಾಣುವುದಿಲ್ಲ, ಆಕಾರ ಮಾತ್ರ ನೋಡಿ. ಬೆಳಗ್ಗೆ ಕಿಟಕಿ ಹತ್ತಿರ ಕೂತುಕೊಳ್ಳಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ಅಡುಗೆ ಮಾಡುವವರ ಉಗುರು ಹಳದಿ ಕಂಡರೆ ಗಾಬರಿ ಬೇಡ, ಬಹಳ ಸಲ ಅದು ಅರಿಶಿನದ ಕಲೆ.

ಈಗ ಹೆಬ್ಬೆರಳಿನ ಉಗುರಿನ ನಡುವೆ ಒಂದು ಹನಿ ನೀರು ಬಿಡಿ. ಒಳ್ಳೆಯ ಉಗುರು ಸ್ವಲ್ಪ ಉಬ್ಬಿರುತ್ತದೆ, ಹನಿ ಪಕ್ಕಕ್ಕೆ ಜಾರುತ್ತದೆ. ಹನಿ ನಿಂತರೆ ಗುಳಿ ಇದೆ ಅಂತ ಅರ್ಥ. ದೊಡ್ಡವರಲ್ಲಿ ಹೀಗಾದರೆ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣಾಂಶದ ಕೊರತೆ. ಪುಟ್ಟ ಮಕ್ಕಳ ಕಾಲಿನ ಉಗುರು ಕೆಲವೊಮ್ಮೆ ಹೀಗೇ ಇದ್ದು, ಬೆಳೆಯುತ್ತಾ ತಾನೇ ಸರಿ ಹೋಗುತ್ತದೆ.

ಅಡ್ಡಕ್ಕೆ ಒಂದು ಗೆರೆ, ಉಳುಮೆ ಸಾಲಿನ ಹಾಗೆ ತಗ್ಗಾಗಿ, ಎಲ್ಲಾ ಬೆರಳಲ್ಲೂ ಒಂದೇ ದೂರದಲ್ಲಿ ಇದೆಯಾ? ಅದಕ್ಕೆ ಬೋ ಗೆರೆ ಅನ್ನುತ್ತಾರೆ, 1846ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಬೋ ಹೆಸರಿನಲ್ಲಿ. ಜೋರು ಜ್ವರ, ದೊಡ್ಡ ಕಾಯಿಲೆ ಅಥವಾ ಕೀಮೋ ಆದಾಗ ಬುಡದ ಕೆಲಸ ಸ್ವಲ್ಪ ದಿನ ನಿಲ್ಲುತ್ತದೆ, ಅದರ ಗುರುತು ಇದು. ಬುಡದಿಂದ ಗೆರೆ 6 ಮಿಲಿಮೀಟರ್ ದೂರ ಇದ್ದರೆ ಸುಮಾರು ಎರಡು ತಿಂಗಳ ಹಿಂದೆ ಏನಾಗಿತ್ತು ಅಂತ ನೆನಪಿಸಿಕೊಳ್ಳಿ. ನನ್ನ ಉಗುರಲ್ಲಿ ಇದು ಬಂದಾಗ ಲೆಕ್ಕ ಹಾಕಿದೆ, ಸರಿಯಾಗಿ ಡೆಂಗಿ ಬಂದ ವಾರಕ್ಕೆ ಹೋಗಿ ನಿಂತಿತು.

ಉದ್ದುದ್ದ ಸಣ್ಣ ಗೆರೆಗಳು ವಯಸ್ಸಾದ ಹಾಗೆ ಬರುವಂಥವು, ಬಿಟ್ಟುಬಿಡಿ. ಆದರೆ ಇವು ಕಂಡರೆ ಊಟದ ಮಾತು ಪಕ್ಕಕ್ಕಿಟ್ಟು ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ: ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲ ಆಗುತ್ತಿರುವ ಕಪ್ಪು ಪಟ್ಟೆ, ದಪ್ಪ ಆಗಿ ಪುಡಿ ಉದುರುವ ಉಗುರು (ಇದು ಹೆಚ್ಚಾಗಿ ಫಂಗಸ್), ಸೂಜಿ ಚುಚ್ಚಿದ ಹಾಗೆ ತೂತುಗಳು. ಬೆರಳ ತುದಿಯೇ ಉಬ್ಬಿ ಉಗುರು ಕೆಳಕ್ಕೆ ಬಾಗಿದ್ದರೆ ತಡ ಮಾಡದೆ ಫಿಸಿಷಿಯನ್ ಹತ್ತಿರ ಹೋಗಿ, ಅದು ಶ್ವಾಸಕೋಶದ ಅಥವಾ ಹೃದಯದ ತೊಂದರೆಯ ಸೂಚನೆ ಇರಬಹುದು. ಉಗುರು ಸುತ್ತು ಆಗಿದ್ದರೆ ಅದು ಸೋಂಕು, ನಿಂಬೆಹಣ್ಣಿಗೆ ಬೆರಳು ತೂರಿಸಿಕೊಂಡು ಕೂರುವ ಬದಲು ಕೀವು ಕಂಡ ದಿನವೇ ತೋರಿಸಿ.

ಹೆಜ್ಜೆ 2: ರಕ್ತ ಪರೀಕ್ಷೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಜನರಿಗೆ ರಕ್ತಹೀನತೆ. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರಿಗೆ! ಆದ್ದರಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಜೊತೆಗೆ ಉಗುರು ಸೀಳುವುದು ಇದ್ದರೆ ಸಿಬಿಸಿ (ರಕ್ತಕಣ, ಹಿಮೋಗ್ಲೋಬಿನ್ ಲೆಕ್ಕ) ಮತ್ತು ಫೆರಿಟಿನ್ ಎರಡೂ ಮಾಡಿಸಿ. ಗರ್ಭಿಣಿ ಅಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12, ಗಂಡಸರಿಗೆ 13, ಗರ್ಭಿಣಿಯರಿಗೆ 11, ಇದಕ್ಕಿಂತ ಕಡಿಮೆ ಬಂದರೆ ರಕ್ತಹೀನತೆ. ಫೆರಿಟಿನ್ ಯಾಕೆ ಅಂದರೆ, ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಇಳಿಯುವ ಮುಂಚೆಯೇ ಈ ಉಗ್ರಾಣ ಖಾಲಿ ಆಗಿರುತ್ತದೆ.

ಜೊತೆಗೆ ಟಿಎಸ್‌ಎಚ್. ಅದು ಥೈರಾಯ್ಡ್ ಪರೀಕ್ಷೆ. ಥೈರಾಯ್ಡ್ ಕಡಿಮೆ ಇದ್ದರೂ ಉಗುರು ಒಣಗಿ ಸೀಳುತ್ತದೆ. ಮಾಂಸ, ಮೀನು, ಮೊಟ್ಟೆ ಮುಟ್ಟದವರು ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಬಿ12 ಕೂಡ ನೋಡಿಸಿ. ಬಿ12 ತುಂಬಾ ಕಡಿಮೆ ಆದರೆ ಉಗುರು, ಬೆರಳ ಗಿಣ್ಣು ಕಪ್ಪಾಗುವುದುಂಟು.

ಕಬ್ಬಿಣ ಕಡಿಮೆ ಬಂದರೆ ಯಾಕೆ ಕಡಿಮೆ ಅಂತ ಡಾಕ್ಟರನ್ನು ಕೇಳಲೇಬೇಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿರಬಹುದು. ಮೂಲವ್ಯಾಧಿ ಇರಬಹುದು. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಕೊಕ್ಕೆ ಹುಳ ಇರಬಹುದು. ಅತ್ತಿಗೆಗೆ ಮುಟ್ಟು ಏಳೆಂಟು ದಿನ ಹೋಗುತ್ತಿತ್ತು. "ಎಲ್ಲರಿಗೂ ಹಂಗೇ ಅಲ್ವಾ" ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ತೂತು ಮುಚ್ಚದೆ ಕೊಡ ತುಂಬಿಸಿ ಏನು ಪ್ರಯೋಜನ?

ಹೆಜ್ಜೆ 3: ತಟ್ಟೆ ಸರಿಮಾಡುವುದು

ಮೊದಲು ಕಬ್ಬಿಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದಂತೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19. ಈಗ ನಮ್ಮ ಊಟ ನೋಡಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 4.6 ಮಿಲಿಗ್ರಾಂ. 40 ಗ್ರಾಂ ಹುರುಳಿಕಾಳಲ್ಲಿ ಸುಮಾರು 3.5. ಎರಡೂ ಸೇರಿ 8ರ ಆಸುಪಾಸು. ಅದರಲ್ಲೂ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ಹಾಗಾಗಿ ಏನು ತಿನ್ನುತ್ತೀರಿ ಅನ್ನುವಷ್ಟೇ ಮುಖ್ಯ, ಅದರ ಜೊತೆ ಏನು ತಿನ್ನುತ್ತೀರಿ ಅನ್ನುವುದು.

ಜೊತೆಗೆ ಬೇಕಾದದ್ದು ವಿಟಮಿನ್ ಸಿ. ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಹಾಕಿದರೆ ಸ್ವಲ್ಪ ಅಲ್ಲೇ ಹೋಗುತ್ತದೆ. ಕೋಸಂಬರಿಗೆ ಹಿಂಡುವ ಹಾಗೆ ಸೊಪ್ಪಿನ ಪಲ್ಯಕ್ಕೂ ಹಿಂಡಿ. ಊಟದ ಜೊತೆ ಅರ್ಧ ಸೀಬೆಹಣ್ಣು ಇಟ್ಟುಕೊಳ್ಳಿ, ಇಲ್ಲವೇ ನೆಲ್ಲಿಕಾಯಿ. ಎರಡರಲ್ಲೂ 100 ಗ್ರಾಂಗೆ 200 ಮಿಲಿಗ್ರಾಂಗಿಂತ ಜಾಸ್ತಿ ಸಿ ಇದೆ. ಬೆಟ್ಟದ ನೆಲ್ಲಿಕಾಯಿ ಸಿಗುವ ಕಾಲದಲ್ಲಿ ತುರಿದು ಮೊಸರು ಕಲಸಿ ತಂಬುಳಿ ಮಾಡಿದರೆ ಮಕ್ಕಳೂ ತಿನ್ನುತ್ತಾರೆ.

ದೂರ ಇಡಬೇಕಾದದ್ದು ಕಾಫಿ, ಟೀ. ಊಟ ಮುಗಿಸಿ ಕೈ ಒಣಗುವ ಮುಂಚೆ ಲೋಟ ಹಿಡಿಯುವ ಅಭ್ಯಾಸ ನಮ್ಮಲ್ಲಿ ತುಂಬಾ ಮನೆಯಲ್ಲಿದೆ. ಬೆಳಗ್ಗೆ ಇಡ್ಲಿ ಜೊತೆಗೇ ಫಿಲ್ಟರ್ ಕಾಫಿ ಬೇಕು. ಅದರಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಂಡು ಹೊರಗೆ ಕಳಿಸಿಬಿಡುತ್ತವೆ. ಟೀ ಅಂತೂ ಕಾಫಿಗಿಂತ ಜಾಸ್ತಿ. ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ, ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ. ಖರ್ಚೇ ಇಲ್ಲದ ಬದಲಾವಣೆ ಇದು, ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ.

ಕಾಳು, ರಾಗಿ ಮೊಳಕೆ ಬರಿಸಿ. ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಂದಾಗ ಕಬ್ಬಿಣ ಮತ್ತು ಜಿಂಕ್ ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆ ಆಗುತ್ತದೆ. ಹುರುಳಿ ಮೊಳಕೆ ಸಾರು ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದನ್ನೇ ವಾರಕ್ಕೆ ಎರಡು ಸಲ ಮಾಡಿದರೆ ಆಯಿತು. ನುಗ್ಗೆಸೊಪ್ಪು, ದಂಟಿನಸೊಪ್ಪು, ಹರಿವೆಸೊಪ್ಪು ಸರದಿ ಮೇಲೆ ಬರಲಿ. ಪಾಲಕ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ಅದರ ಕಬ್ಬಿಣ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ಟೊಮೆಟೊ ಗೊಜ್ಜು, ಹುಣಸೆಹುಳಿ ಹಾಕುವ ಅಡುಗೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ. ಹುಳಿಗೆ ಪಾತ್ರೆಯ ಕಬ್ಬಿಣ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ರುಚಿ ಕೆಡುತ್ತದೆ. ಮಾಂಸ ತಿನ್ನುವವರಿಗೆ ಮಟನ್, ಈಲಿ, ಮೀನು ಸುಲಭದ ದಾರಿ. ಅದರ ಕಬ್ಬಿಣ ಬೇಗ ಹತ್ತುತ್ತದೆ, ಪಕ್ಕದಲ್ಲಿರುವ ಕಾಳಿನ ಕಬ್ಬಿಣವನ್ನೂ ಹತ್ತಿಸುತ್ತದೆ.

ಎರಡನೆಯದು ಪ್ರೋಟೀನ್. ಉಗುರು ಅಂದರೇ ಪ್ರೋಟೀನ್. ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಲೆಕ್ಕ, ಅಂದರೆ 55 ಕೆಜಿ ಇರುವವರಿಗೆ ದಿನಕ್ಕೆ ಸುಮಾರು 46 ಗ್ರಾಂ. ಒಂದು ಮೊಟ್ಟೆಯಲ್ಲಿ 6. ಒಂದು ಹಿಡಿ ಕಡಲೆಬೀಜದಲ್ಲಿ 7. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 7. ದೊಡ್ಡ ಬಟ್ಟಲು ಮೊಸರಲ್ಲಿ 6. ಬೇಳೆ ಕಾಳಿನಲ್ಲಿದೆ, ಅನ್ನದಲ್ಲೂ ಸ್ವಲ್ಪ ಇದೆ. ಕಾಗದದ ಮೇಲೆ ಕೂಡಿಸಿದರೆ ಲೆಕ್ಕ ಸರಿ ಹೋಗುತ್ತದೆ, ಆದರೆ ತಟ್ಟೆಯಲ್ಲಿ ಹೋಗುವುದಿಲ್ಲ. ಯಾಕೆ ಗೊತ್ತಾ? ನಾವು ಬೇಳೆ ಸಾರು ಉಂಡೆ ಅನ್ನುತ್ತೇವೆ, ಅದರಲ್ಲಿ ಬೇಳೆ ಎಷ್ಟಿತ್ತು? ಐದು ಜನರ ತಿಳಿ ಸಾರಿಗೆ ಒಂದು ಹಿಡಿ ಬೇಳೆ. ತಲೆಗೆ ಒಂದೆರಡು ಚಮಚ ಬಂದರೆ ಹೆಚ್ಚು. ಬಸ್ಸಾರು ಮಾಡಿದ ದಿನ ಕಟ್ಟು ಸಾರಾಗುತ್ತದೆ, ಕಾಳೆಲ್ಲ ಪಲ್ಯಕ್ಕೆ ಹೋಗುತ್ತದೆ. ಆ ಪಲ್ಯ ಗಂಡಸರಿಗೆ, ಮಕ್ಕಳಿಗೆ ಬಡಿಸಿ, ಕೊನೆಗೆ ಕೂರುವ ಹೆಂಗಸಿಗೆ ತಳದಲ್ಲಿ ಉಳಿದಷ್ಟು. ಅತ್ತಿಗೆ ತಟ್ಟೆಯನ್ನು ನಾನು ಎರಡು ದಿನ ಗಮನಿಸಿದೆ. ಅನ್ನ, ತಿಳಿ ಸಾರು, ಉಪ್ಪಿನಕಾಯಿ, ಮಜ್ಜಿಗೆ. ಅಷ್ಟೇ. ದಯವಿಟ್ಟು ಪಲ್ಯದಲ್ಲಿ ನಿಮ್ಮ ಪಾಲನ್ನು ಮೊದಲೇ ಒಂದು ಬಟ್ಟಲಿಗೆ ತೆಗೆದಿಡಿ. ಇದು ಸ್ವಾರ್ಥ ಅಲ್ಲ.

ಮಿಕ್ಕಿದ್ದು ಬೇಗ ಹೇಳಿಬಿಡುತ್ತೇನೆ. ಜಿಂಕ್‌ಗೆ ಎಳ್ಳು, ಕುಂಬಳಬೀಜ, ಕಾಳು, ಮಾಂಸ. ಬಯೋಟಿನ್‌ಗೆ ಬೇಯಿಸಿದ ಮೊಟ್ಟೆ, ಕಡಲೆಬೀಜ. ಹಸಿ ಮೊಟ್ಟೆ ದಿನಾ ಕುಡಿಯುವವರು ನಿಲ್ಲಿಸಿ, ಹಸಿ ಬಿಳಿಯಲ್ಲಿರುವ ಎವಿಡಿನ್ ಬಯೋಟಿನ್ನನ್ನು ಹಿಡಿದುಹಾಕುತ್ತದೆ, ಬೇಯಿಸಿದರೆ ಆ ತೊಂದರೆ ಇಲ್ಲ. ಬಿ12ಗೆ ಹಾಲು, ಮೊಸರು, ಮೊಟ್ಟೆ, ಮೀನು.

ಹೆಜ್ಜೆ 4: ಮಾತ್ರೆ, ಬೇಕಿದ್ದರೆ ಮಾತ್ರ

ಹಿಮೋಗ್ಲೋಬಿನ್ ಚೆನ್ನಾಗಿ ಇಳಿದಿದ್ದರೆ ಊಟ ಒಂದರಿಂದಲೇ ಮೇಲೆ ಬರುವುದು ಕಷ್ಟ. ಕಬ್ಬಿಣದ ಮಾತ್ರೆ ಬೇಕು, ಡಾಕ್ಟರ್ ಹೇಳಿದಷ್ಟು. ಅಂಗನವಾಡಿ, ಆರೋಗ್ಯ ಕೇಂದ್ರದಲ್ಲಿ ಹೆಂಗಸರಿಗೆ ಕೊಡುವ ಕೆಂಪು ಮಾತ್ರೆ, ಶಾಲೆಯಲ್ಲಿ ಹತ್ತು ವರ್ಷ ದಾಟಿದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದೇ. 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಪುಕ್ಕಟೆ ಸಿಗುತ್ತದೆ ಅಂತ ಕಡೆಗಣಿಸಬೇಡಿ.

ತೆಗೆದುಕೊಳ್ಳುವುದು ಹೇಗೆ? ನಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಹಾಲು, ಕಾಫಿ, ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಬೆಳಗ್ಗೆ ಇದ್ದರೆ ಇದನ್ನು ಸಂಜೆಗೆ ಇಟ್ಟುಕೊಳ್ಳಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಮಲ ಕಪ್ಪಗೆ ಹೋಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ, ಮಲಬದ್ಧತೆ ಆದರೆ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ದಿನ ಬಿಟ್ಟು ದಿನ ಕೊಡುವುದೂ ಉಂಟು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಉಗ್ರಾಣ ತುಂಬಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಮುಂದುವರಿಸುತ್ತಾರೆ, ಹೆಚ್ಚಿನವರು ತಪ್ಪುವುದು ಇಲ್ಲೇ. ಪರೀಕ್ಷೆ ಇಲ್ಲದೆ ಮಾತ್ರ ಬೇಡ, ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ತೊಂದರೆ) ಅಂಶ ಇರುವವರಿಗೆ ಕಬ್ಬಿಣದ ಕೊರತೆ ಇಲ್ಲದೆಯೂ ಹಿಮೋಗ್ಲೋಬಿನ್ ಕಡಿಮೆ ಇರಬಹುದು. ಮಾತ್ರೆ ಶೀಟು ಮಕ್ಕಳ ಕೈಗೆ ಸಿಗದಂತೆ ಮೇಲೆ ಇಡಿ, ಪುಟ್ಟ ಮಕ್ಕಳು ನಾಲ್ಕಾರು ನುಂಗಿದರೂ ಜೀವಕ್ಕೆ ಅಪಾಯ.

ಇನ್ನು ಬಯೋಟಿನ್. ಕುದುರೆ ಗೊರಸು ಗಟ್ಟಿಯಾಗುತ್ತದೆ ಅಂತ ಪಶುವೈದ್ಯರು ಕಂಡುಕೊಂಡದ್ದು ಇದರ ಮೂಲ. ಆಮೇಲೆ ಸೀಳುವ ಉಗುರಿದ್ದ ಕೆಲವೇ ಜನರಿಗೆ ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟು ನೋಡಿದರು, ಉಗುರು ಸ್ವಲ್ಪ ದಪ್ಪ ಆದದ್ದು ಕಂಡಿತು. ಆದರೆ ಅವೆಲ್ಲ ಸಣ್ಣ ಅಧ್ಯಯನಗಳು, ಪುರಾವೆ ಗಟ್ಟಿ ಇಲ್ಲ. ಉಳಿದದ್ದೆಲ್ಲ ಸರಿ ಇದ್ದೂ ಉಗುರು ಸೀಳುತ್ತಿದ್ದರೆ, ಡಾಕ್ಟರ್ ಒಪ್ಪಿದರೆ, ಆರು ತಿಂಗಳು ನೋಡಬಹುದು. ನಮಗೆ ದಿನಕ್ಕೆ ಬೇಕಾದದ್ದು 40 ಮೈಕ್ರೋಗ್ರಾಂ. ಅಂಗಡಿಯಲ್ಲಿ ಸಿಗುವ 10 ಮಿಲಿಗ್ರಾಂ ಮಾತ್ರೆ ಅದರ 250 ಪಟ್ಟು!

ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಲ್ಯಾಬ್ ಪರೀಕ್ಷೆ ತಪ್ಪು ತೋರಿಸಬಹುದು. ಥೈರಾಯ್ಡ್ ತೊಂದರೆ ಇಲ್ಲದವರಿಗೆ ಇದೆ ಅಂತ ಬರಬಹುದು. ಅದಕ್ಕಿಂತ ಭಯದ್ದು, ಹೃದಯಾಘಾತ ಆಗಿದೆಯಾ ಅಂತ ನೋಡುವ ಟ್ರೋಪೋನಿನ್ ಕಡಿಮೆ ಕಾಣಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ರಕ್ತ ಕೊಡುವ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ಲ್ಯಾಬ್‌ನವರಿಗೂ ಡಾಕ್ಟರಿಗೂ ಬಾಯಿಬಿಟ್ಟು ಹೇಳಿ. "ಅದು ಬರೀ ವಿಟಮಿನ್" ಅಂತ ಹೇಳದೆ ಬಿಡಬೇಡಿ.

ಸೆಲೆನಿಯಂ ಅನ್ನುವ ಖನಿಜದ ಬಗ್ಗೆ ಒಂದು ಮಾತು. ಇದು ಅತಿಯಾದರೆ ಉಗುರು ಪುಡಿಪುಡಿಯಾಗಿ ಉದುರಿಯೇ ಹೋಗುತ್ತದೆ. ಚೀನಾದ ಎನ್ಶಿ ಕಡೆ 1960ರ ದಶಕದಲ್ಲಿ ಮಣ್ಣು, ಬೆಳೆಯಲ್ಲಿ ಸೆಲೆನಿಯಂ ಜಾಸ್ತಿ ಇದ್ದು ಜನರ ಕೂದಲು, ಉಗುರು ಉದುರಿದ್ದವು. ಆದ್ದರಿಂದ ಮಲ್ಟಿವಿಟಮಿನ್, ಕೂದಲಿನ ಮಾತ್ರೆ, ಉಗುರಿನ ಗಮ್ಮಿ ಮೂರೂ ಒಟ್ಟಿಗೆ ನುಂಗುವವರು ಮೂರೂ ಡಬ್ಬಿಯ ಹಿಂದೆ ಬರೆದದ್ದನ್ನು ಕೂಡಿಸಿ ನೋಡಿ. ಜಿಂಕ್ ಕೂಡ ತಿಂಗಳುಗಟ್ಟಲೆ ಜಾಸ್ತಿ ತಿಂದರೆ ಮೈಯ ತಾಮ್ರ ಇಳಿಯುತ್ತದೆ. ಕೊಲಾಜನ್ ಪುಡಿಗೆ (ಚರ್ಮ, ಉಗುರಿಗೆ ಅಂತ ಮಾರುವ ಪ್ರೋಟೀನ್ ಪುಡಿ) ಕೊಡುವ ದುಡ್ಡಿಗೆ ತಿಂಗಳು ಪೂರ್ತಿ ಮೊಟ್ಟೆ, ಕಡಲೆಬೀಜ ಬರುತ್ತದೆ. ನಾನಾದರೆ ಅದನ್ನೇ ತರುತ್ತೇನೆ.

ಹೆಜ್ಜೆ 5: ನೀರು, ಸೋಪು

ಉಗುರು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಪದರ ಬಿಡುತ್ತದೆ. ಕೈ ಉಗುರು ಮಾತ್ರ ಸೀಳಿ ಕಾಲಿನ ಉಗುರು ಚೆನ್ನಾಗಿದ್ದರೆ ಹೆಚ್ಚಾಗಿ ಕಾರಣ ಇದೇ, ಊಟ ಅಲ್ಲ. ರಾಮನಗರದ ಕಡೆ ಬಿಸಿನೀರಲ್ಲಿ ಕೈ ಅದ್ದಿ ರೇಷ್ಮೆ ನೂಲು ತೆಗೆಯುವವರಿಗೆ, ಹೋಟೆಲಲ್ಲಿ ಪಾತ್ರೆ ತೊಳೆಯುವವರಿಗೆ ಎಷ್ಟು ಮಾತ್ರೆ ಕೊಟ್ಟರೂ ಕೈ ಒಣಗಿರದೆ ಉಗುರು ಉಳಿಯುವುದಿಲ್ಲ. ಪಾತ್ರೆಗೆ, ಬಟ್ಟೆಗೆ ರಬ್ಬರ್ ಗ್ಲೌಸ್ ಹಾಕಿ. ರಾತ್ರಿ ಮಲಗುವಾಗ ಉಗುರಿನ ಬುಡಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ತಿಕ್ಕಿ. ಅಸಿಟೋನ್ ಇರುವ ರಿಮೂವರ್ ಕಡಿಮೆ ಮಾಡಿ.

ಹೆಜ್ಜೆ 6: ಗುರುತು ಹಾಕಿ ಕಾಯಿರಿ

ಶುರು ಮಾಡಿದ ದಿನ ಎರಡೂ ಹೆಬ್ಬೆರಳ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ತಿಂಗಳಿಗೆ ಒಂದು ಸಲ, ಅದೇ ಕಿಟಕಿ, ಅದೇ ಹೊತ್ತು. ದಿನಾ ನೋಡಿದರೆ ಏನೂ ಕಾಣುವುದಿಲ್ಲ, ಬೇಸರ ಬಂದು ಬಿಟ್ಟುಬಿಡುತ್ತೀರಿ. ತುದಿ ನೋಡಬೇಡಿ, ಬುಡ ನೋಡಿ. ಹೊಸದು ಬರುವುದು ಅಲ್ಲಿಂದ.

ಅತ್ತಿಗೆ ಮಾತ್ರೆ ಶುರು ಮಾಡಿ ಒಂದೂವರೆ ತಿಂಗಳಿಗೆ ಸುಸ್ತು ಕಡಿಮೆ ಆಯಿತು, ಉಗುರು ಮಾತ್ರ ಹಾಗೇ ಇತ್ತು. ಮೂರನೇ ತಿಂಗಳ ಫೋಟೊದಲ್ಲಿ ಬುಡದ ಕಡೆ ಗುಳಿ ತುಂಬಿ ಸಮ ಆಗಿತ್ತು, ತುದಿಯಲ್ಲಿ ಹಳೇ ಚಮಚ ಹಾಗೇ ಉಳಿದಿತ್ತು. ನಡುವೆ ಒಂದು ಏಣು ಎದ್ದು ಕಾಣುತ್ತಿತ್ತು, ಹಳೆಯದು ಮುಗಿದು ಹೊಸದು ಶುರುವಾದ ಜಾಗ. ಅದನ್ನು ನೋಡಿ ನನಗೆ ಆದ ಸಂತೋಷ ಹೇಳಲಾರೆ. ದಸರಾ ರಜೆಗೆ ಹೋದಾಗ ಅವರೇ ಕೈ ಒದ್ದೆ ಮಾಡಿಕೊಂಡು ಬಂದರು. ಹನಿ ಬಿಟ್ಟರು. ಜಾರಿ ನೆಲಕ್ಕೆ ಬಿತ್ತು. ಹಿಮೋಗ್ಲೋಬಿನ್ 12.1. ಬಸ್ಸಾರಿನ ಪಲ್ಯ ಒಂದು ಬಟ್ಟಲು ಅವರಿಗೆ ಅಂತಲೇ ಪಕ್ಕದಲ್ಲಿ ಮುಚ್ಚಿಟ್ಟಿತ್ತು.

ಕಾಲಿನ ಹೆಬ್ಬೆರಳ ಉಗುರು ಮಾತ್ರ ಇನ್ನೂ ಅರ್ಧ ದಾರಿಯಲ್ಲಿದೆ. ಅದರ ಫೋಟೊ ಮುಂದಿನ ಯುಗಾದಿಗೆ.